ಕೆಮ್ಮಿನ ಲೆಕ್ಕ

ಮಡಿಕೇರಿಯಲ್ಲಿ ಹದಿನಾಲ್ಕು, ವಿರಾಜಪೇಟೆಯಲ್ಲಿ ಇಪ್ಪತ್ತು,
ಕುಶಾಲನಗರದ್ದು ಬಾಡಿಗೆ ಮನೆ, ಅಲ್ಲಿ ಒಂಬತ್ತು.
ಇದು ಹಾಸಿಗೆಯ ಲೆಕ್ಕ. ಜನರದ್ದು
ದಿನಾ ಬೆಳಿಗ್ಗೆ ಹೊಸದಾಗಿ ಎಣಿಸಬೇಕು.

ಬ್ಯಾಂಕಿನ ಹುಡುಗ ಕೇಳಿದ,
ಖಾಲಿಯಾದ ಹಾಸಿಗೆ ತುಂಬಲು
ಸರಾಸರಿ ಎಷ್ಟು ದಿನ ಮೇಡಂ?
ಹನ್ನೊಂದು, ಅಂದೆ.
ಖಾಲಿ ಆಗುವುದು ಹೇಗೆಂದು ಅವನು ಕೇಳಲಿಲ್ಲ,
ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಸಾಲ ಮಂಜೂರಾಯಿತು.

ಗೋಣಿಕೊಪ್ಪದಿಂದ ಆಚೆ ಅಚ್ಚಯ್ಯನ ಹೋಂಸ್ಟೇ.
ಗುಡ್ಡ ಜರಿದ ಸುದ್ದಿಗೆ ಟೂರಿಸ್ಟು ನಿಂತು
ಬೋರ್ಡಿಗೆ ಪಾಚಿ ಹಿಡಿದಿತ್ತು.
ಬಾರ್ ಕೌಂಟರ್ ಇದ್ದಲ್ಲಿ ಈಗ ಔಷಧಿ ಕಪಾಟು.
ಕ್ಯಾಂಪ್‌ಫೈರಿನ ಕಲ್ಲು ಕಿತ್ತು
ವೀಲ್‌ಚೇರಿಗೆ ಇಳಿಜಾರು.
ಹನಿಮೂನ್ ಸೂಟ್ ಎಂಬ ಹಿತ್ತಾಳೆ ಫಲಕ ಮಾತ್ರ
ತಿರುಪು ತುಕ್ಕು ಹಿಡಿದು ಬರಲೊಲ್ಲದು.
ಇರಲಿ ಬಿಡಿ, ಅಂದ ಬಡಗಿ,
ಓದಿದವರಿಗೆ ನಗುವಾದರೂ ಬರುತ್ತದೆ.
ಇನ್ನೂ ಇದೆ.

ಮೂರು ಮನೆ ನಾಲ್ಕಾಗುವುದು ಸುಲಭ.
ಮಂಚ ಮೈಸೂರಿನಿಂದ ಲಾರಿಯಲ್ಲಿ ಬರುತ್ತದೆ.
ರಬ್ಬರ್ ಶೀಟು, ಆಕ್ಸಿಜನ್ನು, ಕಕ್ಕಸಿನ ಗೋಡೆಗೆ ಹಿಡಿಕೆ,
ಮೂರು ದಿನ ಕರೆಂಟು ಬಾರದಿದ್ದರೂ ಓಡುವ ಜನರೇಟರು,
ಆನೆ ಇಳಿಯದಂತೆ ಕಂದಕ,
ಪಕ್ಕದ ತೋಟದವರ ಜತೆ ಅರ್ಧರ್ಧ ಖರ್ಚು.
ಎಲ್ಲಕ್ಕೂ ಬಿಲ್ಲಿದೆ,
ಆಡಿಟರ್ ರೆಬೆಲ್ಲೊ ದಾರಕ್ಕೆ ಪೋಣಿಸಿಟ್ಟಿದ್ದಾರೆ.

ನರ್ಸುಗಳೂ ಸಿಗುತ್ತಾರೆ, ಕಲಿಯುತ್ತಾರೆ.
ಹೋದ ವರ್ಷ ಕಕ್ಕಡ ಹದಿನೆಂಟಕ್ಕೆ
ಮದ್ದುಸೊಪ್ಪಿನ ಪಾಯಸ ಬಡಿಸಿದ್ದೆವು.
ಮರುದಿನ, ಚಿತ್ರದುರ್ಗದಿಂದ ಬಂದ ಹೊಸ ಹುಡುಗಿ
ಎಂಟು ಬಾಟಲಿ ಕೆಂಪು ಉಚ್ಚೆ ಸಾಲಾಗಿ ಇಟ್ಟುಕೊಂಡು
ಕಿಟಕಿಯ ಹತ್ತಿರ ನಡುಗುತ್ತಿದ್ದಳು.
ಸುಬೇದಾರ್ ಚಿಣ್ಣಪ್ಪ ನಕ್ಕು ನಕ್ಕು
ಹಲ್ಲಿನ ಸೆಟ್ಟು ಬೀಳಿಸಿಕೊಂಡರು.
ಈಗ ಹೊಸಬರಿಗೆ ಅವಳೇ ಮೊದಲು ಹೇಳಿಡುತ್ತಾಳೆ.

ತೊಡಕು ಬಂದದ್ದು ಚೋಮಿಯಿಂದ.

ಹತ್ತೊಂಬತ್ತು ವರ್ಷ ವಿರಾಜಪೇಟೆಯಲ್ಲಿ ರಾತ್ರಿ ಪಾಳಿ.
ತೋಟದ ಲೈನ್ ಮನೆಯಿಂದ ಬಂದವಳು,
ಸಹಿ ಹಾಕಲು ಕಲಿತದ್ದು ನಮ್ಮ ಹಾಜರಿ ಪುಸ್ತಕದಲ್ಲಿ.
ಹೇಳಿದೆ, ಹೊಸ ಮನೆಗೆ ನೀನೇ ಮುಖ್ಯಸ್ಥೆ.
ನಾಲ್ಕು ಸಾವಿರ ಜಾಸ್ತಿ. ಬೇರೆ ರೂಮು. ಗೀಸರ್ ಇದೆ.
ಬೆಡ್‌ಶೀಟು ಮಡಚುತ್ತಲೇ ಅಂದಳು,
ಅಲ್ಲಿ ಕೆಮ್ಮು ಯಾರದ್ದು ಅಂತ ಗೊತ್ತಾಗೋದಿಲ್ಲ ಅಕ್ಕ.
ಇಲ್ಲಿ ಕತ್ತಲಲ್ಲೂ ಗೊತ್ತು.
ಐಸಮ್ಮಂದು ಸೌದೆ ಒಡೆದಂಗೆ.
ಮೇಷ್ಟ್ರದ್ದು ಬರೀ ಸುಳ್ಳು, ಮಾತಾಡಕ್ಕೆ ಕರೀತಾರೆ.
ಸುಬೇದಾರ್ರು ಕೆಮ್ಮದೇ ಇದ್ರೆ
ಎದ್ದು ಓಡ್ಬೇಕು.

ಆರು ಸಾವಿರ, ಅಂದೆ.
ಅವಳು ಇನ್ನೊಂದು ಬೆಡ್‌ಶೀಟು ಎತ್ತಿಕೊಂಡಳು.

ಹಾಗಾಗಿ ಈ ರಾತ್ರಿ ನಾನೇ.
ಹದಿನಾರು ಹಾಸಿಗೆ, ಹದಿನೈದು ಖಾಲಿ.
ಕವರು ಬಿಚ್ಚದ ಪ್ಲಾಸ್ಟಿಕ್ಕು
ಫ್ಯಾನಿನ ಗಾಳಿಗೆ ಚರಚರ ಅನ್ನುತ್ತದೆ.
ಕಂತು ಬರುವ ಐದನೇ ತಾರೀಖಿನಿಂದ.
ಕಾಫಿ ಹೂವಿನ ವಾಸನೆಗೆ ತಲೆ ಸಿಡಿಯುತ್ತಿದೆ,
ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ.

ಹನಿಮೂನ್ ಸೂಟಿನಲ್ಲಿ ಕುಂಞಪ್ಪ, ಒಬ್ಬರೇ.
ಮೂವತ್ತೆರಡು ವರ್ಷ ಕುಟ್ಟ ಬಸ್ಸಿನ ಕಂಡಕ್ಟರ್.
ಒಂದೂ ಐವತ್ತಕ್ಕೆ ನಿದ್ದೆಯಲ್ಲೇ ಕೂಗಿದರು:
ಪೊನ್ನಂಪೇಟೆ...
ಹುದಿಕೇರಿ...
ಶೆಟ್ಟಿಗೇರಿ...
ಶ್ರೀಮಂಗಲದ ಹತ್ತಿರ ತಡೆದು,
ಹೊದಿಕೆಯ ಮೇಲೆ ಚಿಲ್ಲರೆ ಎಣಿಸಿ,
ಹಿಂದೆ ಸೀಟು ಖಾಲಿ ಇದೆ, ಹತ್ತಿ, ಹತ್ತಿ.

ಬಾಗಿಲಲ್ಲಿ ನಿಂತಿದ್ದೆ.
ಬ್ಯಾಂಕಿನ ಹುಡುಗನೂ ಇದನ್ನೇ ಅಲ್ಲವೆ ಹೇಳಿದ್ದು.

ಆಮೇಲೆ ಕೆಮ್ಮಿದರು. ಪೆನ್ನು ಹುಡುಕಿ
ಹೊಸ ರಿಜಿಸ್ಟರಿನ ಮೊದಲ ಸಾಲು ಬರೆದೆ:
ಎರಡು ಗಂಟೆ ಹತ್ತು. ಒಣ ಕೆಮ್ಮು.
ಕೊನೆಯಲ್ಲಿ ಎದೆಯೊಳಗಿಂದ ಒಂದು ಸೀಟಿ.

ಒಂದು ಸೀಟಿಗೆ ಬಸ್ಸು ನಿಲ್ಲಬೇಕು,
ಎರಡಕ್ಕೆ ಹೊರಡಬೇಕು.
ಕುರ್ಚಿ ಎಳೆದುಕೊಂಡು ಕೂತೆ.